ಗಿರಣಿ ಬೀದಿಯ ಕಿತ್ತಳೆ ಪಟ್ಟೆ

ಗೆರ್ಲೋಫ್ ಟಾಮಿಂಗನ ಬಾಯಿಂದ "ಅದನ್ನ ನನಗೆ ಬಿಡಿ" ಎಂಬ ಮಾತು ಹೊರಟಿತೆಂದರೆ ಗಿರಣಿ ಬೀದಿಯ ಜನ ಸೈಕಲ್ಲು, ಹೂಕುಂಡ, ಬೆಕ್ಕು ಎಲ್ಲವನ್ನೂ ಮನೆಯೊಳಗೆ ಸೇರಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮನುಷ್ಯ ಕೆಟ್ಟವನಲ್ಲ. ನೋರ್ಡರ್‌ಮೇಡದಲ್ಲಿ ಅವನಿಗಿಂತ ಒಳ್ಳೆಯವನನ್ನು ಹುಡುಕಬೇಕಾದರೆ ಪಕ್ಕದ ಊರಿಗೇ ಹೋಗಬೇಕು. ಆದರೆ ಒಳ್ಳೆಯತನಕ್ಕೆ ಕೈಕಾಲು ಬಂದು ಅದು ಏಣಿ ಹತ್ತಿ ನಿಂತರೆ ಏನೇನು ಆಗಬಹುದೋ ಅದೆಲ್ಲ ಅವನ ವಿಷಯದಲ್ಲಿ ಆಗಾಗ ಆಗುತ್ತಿತ್ತು.

ಬಹಳ ವರ್ಷ ಪರದೆ ಅಂಗಡಿಯಲ್ಲಿದ್ದು ಊರವರ ಕಿಟಕಿಗಳನ್ನೆಲ್ಲ ಅಳೆದವನು ಅವನು. ನಿವೃತ್ತನಾದ ಮೇಲೆ ಅಳೆಯುವುದಕ್ಕೆ ಏನೂ ಇಲ್ಲದೆ ಕೈ ತುರಿಸುತ್ತಿತ್ತು. ಬೀದಿಯ ಸಂಘದ ಸಭೆಯಲ್ಲಿ "ಕಾರ್ಯದರ್ಶಿ ಯಾರಾಗ್ತೀರಿ?" ಎಂದು ಯಾರೋ ಕೇಳಿದಾಗ ನಮ್ಮ ಗೆರ್ಲೋಫ್ ಇನ್ನೊಂದು ಕಪ್ ಕಾಫಿಗೆಂದು ಕೈ ಎತ್ತಿದ್ದ. ಆಯ್ಕೆ ಅವಿರೋಧವಾಗಿ ಮುಗಿಯಿತು.

ಅಧಿಕಾರ ವಹಿಸಿಕೊಂಡ ಮೇಲೆ ಅವನು ಮಾಡಿದ ಮೊದಲ ಸುಧಾರಣೆ ಊರಿನ ಪುಗಸಟ್ಟೆ ವಾರಪತ್ರಿಕೆಯ ನಿರ್ಮೂಲನ. ಮಳೆಯಲ್ಲಿ ನೆನೆದು ಬಾಗಿಲಲ್ಲಿ ಬಿದ್ದಿರುವ ಆ ಪತ್ರಿಕೆ ಕಂಡರೆ ಯಾರಿಗೂ ಆಗುತ್ತಿರಲಿಲ್ಲ. "ಅದನ್ನ ನನಗೆ ಬಿಡಿ" ಎಂದ ಗೆರ್ಲೋಫ್ ಪ್ರತಿ ಮನೆಯ ಟಪಾಲು ಕಿಂಡಿಯ ಮೇಲೂ 'ಪತ್ರಿಕೆ ಬೇಡ' ಎಂಬ ಚೀಟಿ ಅಂಟಿಸಿದ. ಒಂದೂ ಸೊಟ್ಟಗಿರಲಿಲ್ಲ. ಬೀದಿಯವರು ಮೊದಲ ಸಲ ಅವನನ್ನು ಹೊಗಳಿದರು. ಆ ಚೀಟಿಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಕೆಲಸಕ್ಕೆ ಬರುತ್ತವೆ.

ಗಿರಣಿ ಬೀದಿಯಲ್ಲಿ ಪುರಸಭೆಯ ಹನ್ನೊಂದು ಲಿಂಡನ್ ಮರಗಳಿದ್ದವು. ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ದಪ್ಪನೆಯದು ಗೆರ್ಲೋಫನ ಮನೆಯ ಮುಂದಿನದು. ಕಾಗದದ ಪ್ರಕಾರ ಅದು ಪುರಸಭೆಯ ಮರ. ನಿಜದಲ್ಲಿ ಅವನ ಹೆಂಡತಿ ಹಿಲ್ಯಳದು. ಬೇಸಿಗೆ ಬಂತೆಂದರೆ ದಿನವೂ ಸಂಜೆ ಅವಳು ಸಣ್ಣ ಮೇಜೊಂದನ್ನು ಹೊರಗೆ ಎತ್ತಿಟ್ಟು, ಮರದಡಿ ಕಾಫಿ ಬಗ್ಗಿಸಿ, ಬಿಸ್ಕತ್ತಿನ ಡಬ್ಬಿ ತೆರೆದು, ಬಂದವರಿಗೆಲ್ಲ ತಲೆಗೊಂದು ಬಿಸ್ಕತ್ತು ಕೊಟ್ಟು, ಡಬ್ಬಿಯನ್ನು 'ಟಪ್' ಎಂದು ಮುಚ್ಚುತ್ತಿದ್ದಳು. ಎರಡನೆಯ ಬಿಸ್ಕತ್ತನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಮದುವೆಯಾಗಿ ಇಷ್ಟು ಕಾಲವಾದರೂ ಗೆರ್ಲೋಫನೂ ಕಂಡಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಹಿಲ್ಯ ಒಂದು ಚಳಿಗಾಲವಿಡೀ ಹಾಸಿಗೆ ಹಿಡಿದಿದ್ದಳು. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಹಾಸಿಗೆಯನ್ನು ಕಿಟಕಿಯ ಪಕ್ಕಕ್ಕೆ ಎಳೆಸಿಕೊಂಡು ಆ ಬೋಳು ಮರವನ್ನೇ ನೋಡುತ್ತ ಮಲಗಿದ್ದಳು. "ಅದು ಚಿಗುರ್ಲಿ, ನಾನೂ ಏಳ್ತೀನಿ" ಎಂದಿದ್ದಳು. ಮರ ಚಿಗುರಿತು, ಅವಳೂ ಎದ್ದಳು. ಅಂದಿನಿಂದ ಅವಳಿಗೂ ಆ ಮರಕ್ಕೂ ಒಂದು ಒಪ್ಪಂದವಿತ್ತು. ಗೆರ್ಲೋಫ್ ಕೂಡ ಅದರ ಮೇಲೆ ಪ್ರಾಣ ಇಟ್ಟುಕೊಂಡಿದ್ದ, ಆದರೆ ಹೇಳಿಕೊಳ್ಳುತ್ತಿರಲಿಲ್ಲ.

ಆ ವರ್ಷದ ಜೂನಿನಲ್ಲಿ ಫುಟ್‌ಬಾಲ್ ಜ್ವರ ಏರಿತು. ದೇಶದ ತಂಡ ದೊಡ್ಡ ಪಂದ್ಯಾವಳಿಗೆ ಹೊರಟಿತ್ತು. ಬೀದಿ ಬೀದಿಯೂ ತಂಡದ ಕಿತ್ತಳೆ ಬಣ್ಣ ಬಳಿದುಕೊಂಡಿತು. ಕಾಲುವೆ ಬೀದಿಯವರಂತೂ ತಮ್ಮ ದೋಣಿಗಳಿಗೆ, ಬಾತುಕೋಳಿಗಳ ಗೂಡಿಗೆ ಕೂಡ ಕಿತ್ತಳೆ ಬಟ್ಟೆ ಸುತ್ತಿದ್ದರು. ಗಿರಣಿ ಬೀದಿಯಲ್ಲಿ ಮಾತ್ರ ನಾಲ್ಕು ತೋರಣ, ಅದರಲ್ಲೂ ಒಂದು ಕಳೆದ ಸಲದ್ದು. ಕಾರ್ಯದರ್ಶಿಗೆ ಊಟ ಸೇರುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಗೆರ್ಲೋಫ್ ಬಾಗಿಲು ತೆಗೆದು ನೋಡುತ್ತಾನೆ, ಅವನ ಮನೆಯ ಮುಂದಿನ ಲಿಂಡನ್ ಮರಕ್ಕೆ ಎದೆಮಟ್ಟದಲ್ಲಿ ಸುತ್ತಲೂ ಚೆಂದದ ಕಿತ್ತಳೆ ಪಟ್ಟೆ! ಹಿಂದಿನ ದಿನ ಹಳದಿ ಅಂಗಿ ತೊಟ್ಟ ಪುರಸಭೆಯ ಒಬ್ಬ ಅಲ್ಲಿ ಓಡಾಡಿದ್ದನ್ನು ಅವನು ಕಿಟಕಿಯಿಂದ ಕಂಡಿದ್ದ. ಎರಡೂ ಸೇರಿ ಅವನ ತಲೆಯಲ್ಲಿ ದೀಪ ಹೊತ್ತಿಕೊಂಡಿತು.

"ಎಲ್ಟ್ಯೋ! ಏ ಎಲ್ಟ್ಯೋ! ಬಾರಯ್ಯ ಇಲ್ಲಿ!"

ಪಕ್ಕದ ಮನೆಯ ಎಲ್ಟ್ಯೋ ಬೊಸ್ಕರ್ ತನ್ನ ಮನೆಯ ಮುಂದಿನ ಮರದ ಕೆಳಗೆ ಬಕೆಟ್ಟು ಹಿಡಿದು ಕಾರು ತೊಳೆಯುತ್ತಿದ್ದ. ಜೂನಿನಿಂದ ಆಗಸ್ಟಿನವರೆಗೆ ಎಲ್ಟ್ಯೋನನ್ನು ಬೇರೆ ಕೆಲಸದಲ್ಲಿ ಕಂಡವರಿಲ್ಲ. ಲಿಂಡನ್ ಎಲೆಯ ಹುಳಗಳು ಉದುರಿಸುವ ಜಿಗುಟು ಹನಿಗೂ ಅವನಿಗೂ ಹಳೆಯ ದ್ವೇಷ.

"ಏನಯ್ಯಾ ಬೆಳಬೆಳಿಗ್ಗೆ? ನೋಡು ನನ್ನ ಕಾರು, ಜಾಮ್ ಸವರಿದ ಬ್ರೆಡ್ ಆಗಿದೆ. ನೊಣ ಕೂತ್ರೆ ಏಳೋಕಾಗಲ್ಲ."

"ಕಾರು ಬಿಡು. ಪಟ್ಟೆ ನೋಡು! ಪುರಸಭೆಯವರು ಕೂಡ ನಮ್ಮ ತಂಡದ ಕಡೆ ನಿಂತುಬಿಟ್ರು!"

ಎಲ್ಟ್ಯೋ ಕಣ್ಣು ಕಿರಿದು ಮಾಡಿ ನೋಡಿದ. "ಪುರಸಭೆಯೋರು? ನಮ್ಮ ಬೀದಿ ದೀಪ ಸರಿ ಮಾಡೋಕೆ ಒಂದು ವರ್ಷ ತಗೊಂಡೋರು?"

"ಅದೇ ಪುರಸಭೆ. ಆದ್ರೆ ಒಂದೇ ಮರಕ್ಕೆ ಯಾಕೆ ಹೊಡೆದ್ರೋ? ಬಣ್ಣ ಮುಗೀತೋ ಏನೋ ಪಾಪ. ಇರು, ಅದನ್ನ ನನಗೆ ಬಿಡು."

ಎಲ್ಟ್ಯೋ ಬಕೆಟ್ಟನ್ನು ಎತ್ತಿಕೊಂಡು ಒಳಗೆ ಹೋದ.

ಪುರಸಭೆಯ ಮರಗಳ ವಿಭಾಗಕ್ಕೆ ಫೋನು ಹೋಯಿತು. ಬೆಳಗಿನಿಂದ ಬೈಗುಳ ಕೇಳಿ ಕೇಳಿ ಸವೆದುಹೋದ ಗುಮಾಸ್ತನ ದನಿಯೊಂದು "ಹೇಳಿ" ಎಂದಿತು.

"ಗಿರಣಿ ಬೀದಿಯಿಂದ ಮಾತಾಡ್ತಿದೀನಿ ಸ್ವಾಮಿ. ನಮ್ಮನೆ ಮುಂದಿನ ಮರಕ್ಕೆ ಕಿತ್ತಳೆ ಪಟ್ಟೆ ಹೊಡೆದಿದೀರಲ್ಲ..."

"ನೋಡಿ ಸ್ವಾಮಿ, ಅದು ನನ್ನ ತೀರ್ಮಾನ ಅಲ್ಲ, ಪರೀಕ್ಷೆ ಮಾಡ್ದೋರು..."

"ಯಾರೇ ಮಾಡಿರ್ಲಿ, ಅವರಿಗೊಂದು ಹೂಗುಚ್ಛ ಕೊಡ್ಬೇಕು! ನೋಡಿ ಕಣ್ಣು ತುಂಬಿ ಬಂತು."

ಗುಮಾಸ್ತ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ. "ಸಂತೋಷಕ್ಕಾ?"

"ಮತ್ತೆ? ಆದ್ರೆ ಒಂದೇ ಒಂದು ದೂರು. ಒಂದಕ್ಕೇ ಯಾಕೆ ನಿಲ್ಸಿದ್ರಿ? ಉಳಿದ ಹತ್ತು ಮರ ಏನು ಪಾಪ ಮಾಡಿದ್ವು? ಹನ್ನೊಂದಕ್ಕೂ ಆಗ್ಲಿ."

"ಹನ್ನೊಂದಕ್ಕೂ! ಬೀದಿಯೋರೆಲ್ಲ ಒಪ್ಪಿದಾರಾ? ಒಂದು ಮರಕ್ಕೇ ಜನ ಗೋಳೋ ಅಂತ ಅಳ್ತಾರೆ ಸ್ವಾಮಿ."

"ಅಳೋದಾ? ಕುಣೀತಾರೆ! ನಮ್ಮ ಬೀದಿಯ ಯಾನೆಸ್ ವಾದ್ಯತಂಡದಲ್ಲಿದಾನೆ, ಟ್ರಂಪೆಟ್ ಊದ್ತಾನೆ. ಶನಿವಾರದೊಳಗೆ ಆದ್ರೆ ಇನ್ನೂ ಸೊಗಸು. ಅವತ್ತು ಬೀದಿಗೆ ಬೀದೀನೇ ಸೇರಿ ಊಟ ಇಟ್ಕೊಂಡಿದೀವಿ, ಮಕ್ಕಳೆಲ್ಲ ಇರ್ತಾರೆ."

"ಮಕ್ಕಳ ಎದುರಿಗೇನಾ?"

"ಮಕ್ಕಳಿಗೆ ಅಂತಾನೇ ಇದೆಲ್ಲ ಮಾಡೋದು, ಅಲ್ವಾ?"

"ಈ ಕಾಲದಲ್ಲಿ ಹಕ್ಕಿಗಳು ಗೂಡು ಕಟ್ಟಿರ್ತವೆ..." ಎಂದ ಗುಮಾಸ್ತ.

"ಇರ್ಲಿ ಬಿಡಿ, ಅವೂ ನೋಡ್ಲಿ!"

ಗುಮಾಸ್ತ ನೀರು ಕುಡಿದು ಬಂದ. ಶನಿವಾರ ಸಾಧ್ಯವಿಲ್ಲ, ಆದರೆ ಬೇಡಿಕೆಯನ್ನು ಬರೆದುಕೊಂಡಿದ್ದೇನೆ, ಬೀದಿಯವರೊಂದಿಗೆ ಮೊದಲು ಒಂದು ಸಭೆ ಆಗಬೇಕು ಎಂದ. ಫೋನಿಟ್ಟ ಗೆರ್ಲೋಫ್ ಹಿಗ್ಗಿ ಹೀರೇಕಾಯಿಯಾದ. ಸರಕಾರವೇ ಸಭೆ ಕರೆದು ಬೀದಿಯನ್ನು ಅಭಿನಂದಿಸುವುದು ಎಂದರೆ ಸಾಮಾನ್ಯವೇ?

ಆದರೆ ಪುರಸಭೆ ಬಂದು ಬಣ್ಣ ಹೊಡೆಯುವವರೆಗೆ ಪಂದ್ಯಾವಳಿ ಕಾಯುವುದಿಲ್ಲ. ಎಲ್ಟ್ಯೋನ ಗ್ಯಾರೇಜಿನಲ್ಲಿ ಕಳೆದ ಸಲದ ಕಿತ್ತಳೆ ಬಣ್ಣದ ಡಬ್ಬಿ ಇತ್ತು. "ತಗೊಂಡು ಹೋಗು, ಬಣ್ಣದ ವಾಸನೆಗಾದ್ರೂ ಆ ಜಿಗುಟು ಹುಳ ಸಾಯ್ಲಿ" ಎಂದು ಎಲ್ಟ್ಯೋ ಕೊಟ್ಟ. ಗೆರ್ಲೋಫ್ ಪರದೆ ಅಂಗಡಿಯ ಹಳೆಯ ಟೇಪು ಹುಡುಕಿ ತೆಗೆದ. ಪುರಸಭೆಯ ಪಟ್ಟೆಯ ಎತ್ತರ, ಅಗಲ ಎಲ್ಲ ಅಳೆದುಕೊಂಡ. ಭಾನುವಾರ ಕತ್ತಲಾಗುವಷ್ಟರಲ್ಲಿ ಹತ್ತೂ ಮರಗಳಿಗೆ ಅಂಥದ್ದೇ ಪಟ್ಟೆ ಬಂದಿತ್ತು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಅವನ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಇನ್ನೊಂದಾಗಿರಲಿಲ್ಲ. ಇದೇ ಮುಂದೆ ತೊಂದರೆಯಾಯಿತು.

"ಚೆನ್ನಾಗಿದೆ ಗೆರ್ಲೋಫ್," ಎಂದಳು ಹಿಲ್ಯ, ಬಾಗಿಲಲ್ಲಿ ನಿಂತು. "ಮೊದಲ ಸಲ ಏನೂ ಬೀಳಿಸದೆ, ಒಡೆಯದೆ ಒಂದು ಕೆಲಸ ಮುಗಿಸಿದೀಯ."

ಮೊದಲ ಪಂದ್ಯದ ದಿನವೇ ಸಂಜೆ ಸಭೆ. ಜನ ಸಭೆ ಮುಗಿಸಿಕೊಂಡು ಹಾಗೆಯೇ ಯಾನೆಸ್‌ನ ಕೊಟ್ಟಿಗೆಗೆ ಹೋಗಿ ದೊಡ್ಡ ಪರದೆಯ ಮೇಲೆ ಪಂದ್ಯ ನೋಡುವುದೆಂದು ತೀರ್ಮಾನಿಸಿದ್ದರು. ಹಾಗಾಗಿ ಸಮುದಾಯ ಭವನದೊಳಗೆ ಬಂದವರೆಲ್ಲ ಕಿತ್ತಳೆ ಟೋಪಿ, ಕಿತ್ತಳೆ ಕೂದಲು, ಕಿತ್ತಳೆ ಕಾಲುಚೀಲ. ಎಲ್ಟ್ಯೋ ತಲೆಯ ಮೇಲೆ ತಂಡದ ಲಾಂಛನವಾದ ಬಟ್ಟೆಯ ಸಿಂಹವೊಂದನ್ನು ಕೂರಿಸಿಕೊಂಡಿದ್ದ. ಊರ ವಾದ್ಯತಂಡದ ಯಾನೆಸ್ ಟ್ರಂಪೆಟ್ ತಂದಿದ್ದ. ಗೆರ್ಲೋಫ್ ಮಾತ್ರ ಕೋಟು ತೊಟ್ಟು ಕಿತ್ತಳೆ ಟೈ ಕಟ್ಟಿ, ಅಭಿನಂದನೆಗೆ ಉತ್ತರವಾಗಿ ಎರಡು ಮಾತು ಸಿದ್ಧಮಾಡಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದ.

ಪುರಸಭೆಯ ಕಡೆಯಿಂದ ಬಂದವಳು ಮರಗಳ ಅಧಿಕಾರಿ ಫೆನ್ನ ಡೈಕೆಮ. ದಿನವೂ ರಬ್ಬರ್ ಸುತ್ತಿಗೆ ಹಿಡಿದು ಮರಗಳನ್ನು ತಟ್ಟಿ, ಒಳಗಿನ ಸದ್ದು ಕೇಳಿ, ಇದು ನಿಲ್ಲುತ್ತದೆ, ಇದು ಬೀಳುತ್ತದೆ ಎಂದು ಹೇಳುವುದು ಅವಳ ಕೆಲಸ. ಅವಳು ಇಂಥ ಸಭೆಗಳನ್ನು ಬೇಕಾದಷ್ಟು ಕಂಡಿದ್ದಳು. ಜನ ಅತ್ತಿದ್ದನ್ನು ಕಂಡಿದ್ದಳು, ಕುರ್ಚಿ ಎತ್ತಿದ್ದನ್ನು ಕಂಡಿದ್ದಳು. ಟೋಪಿಯ ಮೇಲೆ ಸಿಂಹ ಕೂರಿಸಿಕೊಂಡು ಬಂದವರನ್ನು ಕಂಡಿರಲಿಲ್ಲ.

"ಇದು ಮನಸ್ಸಿಗೆ ತುಂಬ ಹತ್ತಿರದ ವಿಷಯ ಅಂತ ನನಗೆ ಗೊತ್ತು," ಎಂದು ಅವಳು ತಗ್ಗಿದ ದನಿಯಲ್ಲಿ ಆರಂಭಿಸಿದಳು.

"ಹೌದು!" ಎಂದು ಸಭೆ ಒಂದೇ ಕೊರಳಲ್ಲಿ ಕೂಗಿತು.

"ನಿಮ್ಮ ಕಾರ್ಯದರ್ಶಿಯವರು ಎಲ್ಲರ ಪರವಾಗಿ ನಮಗೆ ಫೋನು ಮಾಡಿದ್ರು. ನಮಗೆ ಆಶ್ಚರ್ಯ ಆಯ್ತು."

ಚಪ್ಪಾಳೆ. ಗೆರ್ಲೋಫ್ ಅರ್ಧ ಎದ್ದು ಬಾಗಿ ಕುಳಿತ.

"ಹನ್ನೊಂದರ ವಿಷಯ ಆಮೇಲೆ. ಮೊದಲನೇದು ಈ ಗುರುವಾರ ಬೆಳಿಗ್ಗೆನೇ ಆಗತ್ತೆ."

"ಪೆಪ್ಪೆಪ್ಪೇ!" ಯಾನೆಸ್ ಟ್ರಂಪೆಟ್ ಊದಿದ. ಜನ ಕಾಲು ಕುಟ್ಟಿದರು.

ಫೆನ್ನ ಮೇಜನ್ನು ಹಿಡಿದುಕೊಂಡಳು. "ಕ್ಷಮಿಸಿ. ಮರ ಕಡಿಯೋದಕ್ಕೆ ಇಷ್ಟೊಂದು ಸಂಭ್ರಮ ನಾನೆಲ್ಲೂ ನೋಡಿಲ್ಲ."

ಟ್ರಂಪೆಟ್ ಅರ್ಧದಲ್ಲೇ ನಿಂತಿತು. ಅದರಿಂದ ಕೊನೆಗೆ ಬಂದದ್ದು ಕರು ಕಳೆದುಕೊಂಡ ಹಸುವಿನ ದನಿ.

"ಏನು ಕಡಿಯೋದಕ್ಕೆ?" ಎಂದಳು ಹಿಲ್ಯ.

"ಟಾಮಿಂಗ ಅವರ ಮನೆ ಮುಂದಿನ ಲಿಂಡನ್. ಕಿತ್ತಳೆ ಪಟ್ಟೆ ಹೊಡೆದಿದ್ವಲ್ಲ? ಕಡಿಯೋ ಮರಕ್ಕೆ ಅದೇ ಗುರುತು. ಒಳಗೆ ಟೊಳ್ಳಾಗಿದೆ, ಗಾಳಿಗೆ ಬಿದ್ರೆ ಜನರ ಮೇಲೆ ಬೀಳತ್ತೆ. ಆಮೇಲೆ ಟಾಮಿಂಗ ಅವರು ಉಳಿದ ಹತ್ತನ್ನೂ ಕಡೀರಿ, ಶನಿವಾರದೊಳಗೆ ಕಡೀರಿ, ಮಕ್ಕಳ ಮುಂದೇನೇ ಕಡೀರಿ ಅಂತ..."

ಸಭೆಯ ಅಷ್ಟೂ ಕಿತ್ತಳೆ ತಲೆಗಳು ನಿಧಾನವಾಗಿ ಗೆರ್ಲೋಫನ ಕಡೆ ತಿರುಗಿದವು. ಅವನ ಟೈ ಒಂದೇ ಆಗ ಬಣ್ಣ ಉಳಿಸಿಕೊಂಡಿದ್ದದ್ದು.

"ನಾನು... ಫುಟ್‌ಬಾಲ್ ಅಂದ್ಕೊಂಡೆ," ಎಂದ ಅವನು.

"ಮೊದಲೇ ಹೇಳ್ಬಾರ್ದಿತ್ತಾ ಮೇಡಂ?" ಎಂದು ಯಾನೆಸ್ ಫೆನ್ನಳ ಮೇಲೆ ರೇಗಿದ. "ಗುರುವಾರ ಕಡೀತೀವಿ ಅಂತ ಈಗ ಬಂದು ಹೇಳೋದಾ?"

"ಊರಿನ ವಾರಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿದ್ವಿ. ಆಕ್ಷೇಪಣೆ ಹೇಳೋಕೆ ಆರು ವಾರ ಕಾಲ ಇತ್ತು. ಪ್ರತಿ ಮನೆಗೂ ಬರತ್ತಲ್ಲ ಆ ಪತ್ರಿಕೆ?"

ಆ ಚೀಟಿಗಳು ಎಲ್ಲರ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು, ಒಂದೂ ಸೊಟ್ಟಗಿಲ್ಲದೆ. "ಪತ್ರಿಕೆನೂ ನೀನೇ ನಿಲ್ಸಿದ್ದು," ಎಂದ ಎಲ್ಟ್ಯೋ. ತಲೆಯ ಮೇಲಿನ ಸಿಂಹವೂ ಹೌದೆನ್ನುವಂತೆ ತೂಗಿತು.

ಗೆರ್ಲೋಫ್ ಎದ್ದು ನಿಂತ. ಹಿಲ್ಯಳ ಮುಖ ನೋಡುವ ಧೈರ್ಯವಿರಲಿಲ್ಲ. "ತಪ್ಪಾಯ್ತು ಮೇಡಂ. ನನ್ನ ಬೇಡಿಕೆ ವಾಪಸ್ ತಗೋತೀನಿ. ಎಲ್ಲಾ ವಾಪಸ್. ಈಗಲೇ."

ಫೆನ್ನ ಅವನನ್ನು ಮರುಕದಿಂದ ನೋಡಿದಳು. "ತಗೊಳ್ಳಿ. ಆದ್ರೆ ಆಗ ಉಳಿಯೋದು ನಿಮ್ಮ ಲಿಂಡನ್ ಒಂದೇ. ಅದರ ತೀರ್ಮಾನ ಆಗಿಹೋಗಿದೆ. ಹತ್ತು ಮರದವರೆಗೆ ನಮ್ಮ ವಿಭಾಗಾನೇ ಸುತ್ತಿಗೆ ಬಡಿದು ನೋಡಿ ನಿರ್ಧಾರ ಮಾಡಬಹುದು. ಹತ್ತು ದಾಟಿದ್ರೆ ಮಾತ್ರ ನಿಯಮ ಬೇರೆ. ಹೊರಗಿನ ತಜ್ಞರು ಬಂದು, ಪ್ರತಿ ಮರಕ್ಕೂ ಉಕ್ಕಿನ ಹಗ್ಗ ಕಟ್ಟಿ ಎಳೆದು, ಬೇರು ಹಿಡಿದಿದೆಯೋ ಇಲ್ವೋ ಅಂತ ಪರೀಕ್ಷೆ ಮಾಡ್ಲೇಬೇಕು. ಅಲ್ಲೀವರೆಗೆ ಒಂದು ಕೊಂಬೆನೂ ಮುಟ್ಟೋ ಹಾಗಿಲ್ಲ. ಅಷ್ಟೆಲ್ಲ ಒಂದು ಬೀದಿ ಮರಕ್ಕೆ ನಾವು ಮಾಡಲ್ಲ." ಅವಳು ಇಷ್ಟನ್ನು ಹೇಳಿ, ಪಂದ್ಯಕ್ಕೆ ತಡವಾದವಳಂತೆ ಕಿಟಕಿಯ ಹೊರಗೆ ನೋಡತೊಡಗಿದಳು.

ಗೆರ್ಲೋಫನಿಗೆ ಏನೂ ಅರ್ಥವಾಗಲಿಲ್ಲ. "ಹಾಗಾದ್ರೆ ವಾಪಸ್..." ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಹಿಲ್ಯ ಅವನ ಕೋಟಿನ ಹಿಂಬದಿ ಹಿಡಿದು ಜಗ್ಗಿ ಕೂರಿಸಿದಳು.

"ಒಂದು ಮಾತು ಆಡಿದ್ರೆ ನೋಡು! ವಾಪಸ್ ತಗೋಬೇಡ!" ಅವಳೇ ಎದ್ದು ನಿಂತಳು. "ಮೇಡಂ, ನನ್ನ ಗಂಡ ಹೇಳಿದ್ದು ಸರಿ. ಹನ್ನೊಂದೂ ಮರ ಕಡೀಬೇಕು. ಒಂದು ಕಮ್ಮಿ ಆದ್ರೂ ನಾವು ಒಪ್ಪಲ್ಲ."

"ಹಿಲ್ಯ!" ಎಂದ ಗೆರ್ಲೋಫ್, ಎದೆ ಒಡೆದವನಂತೆ.

ಬೀದಿಯವರಿಗೆ ಒಬ್ಬೊಬ್ಬರಾಗಿ ಹೊಳೆಯಿತು. ಮೊದಲು ಯಾನೆಸ್ ಎದ್ದ. "ಹೌದು! ಹನ್ನೊಂದೂ ಕಡೀರಿ!" ಆಮೇಲೆ ಕುರ್ಚಿಗಳೆಲ್ಲ ಸದ್ದು ಮಾಡಿದವು. ಮರಕ್ಕೆ ಹಕ್ಕಿಗೂಡು ಕಟ್ಟಿದವರು, ಬೇಸಿಗೆಯಲ್ಲಿ ಬೇರಿಗೆ ನೀರು ಹೊತ್ತವರು, ಎಲ್ಲರೂ ಕೈ ಎತ್ತಿ "ಕಡೀರಿ, ಕಡೀರಿ!" ಎಂದು ಬೊಬ್ಬೆ ಹಾಕಿದರು. ಎಲ್ಲರಿಗಿಂತ ಜೋರಾಗಿ ಕೂಗಿದವನು ಎಲ್ಟ್ಯೋ. ಅವನು ಮಾತ್ರ ನಿಜವಾಗಿಯೇ ಕೂಗುತ್ತಿದ್ದ.

ಫೆನ್ನ ತುಟಿ ಬಿಗಿಹಿಡಿದುಕೊಂಡು ಬರೆದುಕೊಂಡಳು. "ಇದು ಬೀದಿಯವರ ಒಕ್ಕೊರಲ ಬೇಡಿಕೆ ಅಂತ ಬರ್ಕೊಳ್ಳಲಾ?"

"ಬರ್ಕೊಳ್ಳಿ!"

"ಸರಿ. ಗುರುವಾರದ ಕೆಲಸ ನಿಲ್ಸಿದೀನಿ."

ಹರ್ಷೋದ್ಗಾರದ ನಡುವೆ ಗೆರ್ಲೋಫನಿಗೂ ಕೊನೆಗೆ ಅರ್ಥವಾಯಿತು. ಮುಖ ಅರಳಿತು. "ಇನ್ನು ಮುಂದಿನದನ್ನ ನನಗೆ..." ಎಂದ.

"ಬೇಡ!" ಎಂದು ಸಭೆ ಕಿರುಚಿತು.

ಮನೆಗೆ ಬಂದ ಮೇಲೆ ಹಿಲ್ಯ ಅವನ ಮುಂದೆ ಕಾಫಿ ಇಟ್ಟಳು. ಬಿಸ್ಕತ್ತು ಇಡಲಿಲ್ಲ. ಡಬ್ಬಿ ಕಪಾಟಿನ ಮೇಲೆ, ಅವನ ಕಣ್ಣಿಗೆ ಬೀಳುವ ಹಾಗೆ ಕುಳಿತಿತ್ತು. "ತಜ್ಞರು ಬಂದು ಅದು ನಿಲ್ಲತ್ತೆ ಅನ್ಲಿ, ಆಮೇಲೆ ನೋಡೋಣ," ಎಂದಳು. ಗೆರ್ಲೋಫ್ ಒಣ ಕಾಫಿ ಕುಡಿದ. ಕಿಟಕಿಯಾಚೆ ಮರ ನಿಂತಿತ್ತು, ನಡುವಿಗೆ ಕಿತ್ತಳೆ ಪಟ್ಟಿ ಕಟ್ಟಿಕೊಂಡು. ಅದರ ಸಾವಿಗೆ ತಾನು ಹೂಗುಚ್ಛ ಕೊಡಲು ಹೊರಟಿದ್ದೆನಲ್ಲ ಎಂದು ನೆನೆದು ಅವನು ಟೈ ಬಿಚ್ಚಿ ಜೇಬಿಗೆ ತುರುಕಿದ.

ಅಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತು. ಗಿರಣಿ ಬೀದಿಯವರು ತಮ್ಮ ಹನ್ನೊಂದು ಮರಗಳನ್ನೂ ಕಡಿಸಲು ಹಟ ಹಿಡಿದಿದ್ದಾರಂತೆ! ಮರುದಿನವೇ ಕಾಲುವೆ ಬೀದಿಯವರು ಫಲಕ ಹಿಡಿದು ಮೆರವಣಿಗೆ ಬಂದರು. ಮರಕ್ಕೊಬ್ಬರಂತೆ ತಬ್ಬಿಕೊಂಡು ನಿಂತರು. "ಕಟುಕರು! ಹಕ್ಕಿಗಳೂ ನೋಡ್ಲಿ ಅಂದ್ರಂತೆ!" ಎಂದು ಗೆರ್ಲೋಫನ ಕಿಟಕಿಗೆ ಕೈ ತೋರಿಸಿದರು.

ನಿಜ ಹೇಳಿದರೆ ಬೇಡಿಕೆ ಬಿದ್ದುಹೋಗುತ್ತದೆ, ಹೇಳದಿದ್ದರೆ ಮಾನ ಹೋಗುತ್ತದೆ. ಬೀದಿಯವರು ಮಾನ ಬಿಟ್ಟರು. ಬಾಗಿಲಲ್ಲಿ ನಿಂತು "ಕಡಿಸ್ತೀವಿ, ನಮ್ಮ ಮರ ನಮ್ಮಿಷ್ಟ" ಎಂದು ಗದರುತ್ತ, ಒಳಗೊಳಗೇ ಅವರ ಕಾಲಿಗೆ ಬೀಳಬೇಕೆನ್ನಿಸುವಷ್ಟು ಕೃತಜ್ಞರಾಗಿ ಕುಳಿತರು. ಮಧ್ಯಾಹ್ನದ ಹೊತ್ತಿಗೆ ಹಿಲ್ಯಳಿಗೆ ತಡೆಯಲಾಗಲಿಲ್ಲ. ತನ್ನ ಲಿಂಡನ್ನನ್ನು ತಬ್ಬಿಕೊಂಡಿದ್ದ ಹೆಂಗಸಿಗೆ ಕಾಫಿ ಕೊಟ್ಟಳು, ಒಂದು ಬಿಸ್ಕತ್ತನ್ನೂ ಕೊಟ್ಟಳು. ಗೆರ್ಲೋಫ್ ಕಿಟಕಿಯಿಂದ ಆ ಬಿಸ್ಕತ್ತನ್ನು ನೋಡಿದ.

ದೇಶದ ತಂಡ ಮೊದಲ ಸುತ್ತಿನಲ್ಲೇ ಸೋತು ಗಂಟುಮೂಟೆ ಕಟ್ಟಿತು. ಬೇರೆ ವರ್ಷವಾಗಿದ್ದರೆ ಬೀದಿ ಸೂತಕ ಆಚರಿಸುತ್ತಿತ್ತು. ಈ ಸಲ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ, ಪರೀಕ್ಷೆಯ ದಿನ ಹತ್ತಿರ ಬಂದಿತ್ತು.

ಫೆನ್ನಳ ಜೊತೆ ತಜ್ಞ ಬಂದ. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಲಿಂಡನ್ನಿನ ಮೇಲ್ಭಾಗಕ್ಕೆ ಉಕ್ಕಿನ ಹಗ್ಗ ಬಿಗಿದ, ಇನ್ನೊಂದು ತುದಿಯನ್ನು ರಾಟೆಗೆ ಸೇರಿಸಿದ, ಬುಡಕ್ಕೆ ಸಣ್ಣ ಯಂತ್ರಗಳನ್ನು ಅಂಟಿಸಿ ಕಂಪ್ಯೂಟರಿನ ಮುಂದೆ ಕುಳಿತ. ಗಿರಣಿ ಬೀದಿಯವರೂ ಕಾಲುವೆ ಬೀದಿಯವರೂ ಎದುರುಬದುರು ನಿಂತರು. ರಾಟೆ ಕಿರುಗುಟ್ಟಿತು. ಹಗ್ಗ ಬಿಗಿಯಿತು. ಮರದ ಎಲೆಗಳು ಅಲುಗಿದವು.

"ತಡ್ಕೋ," ಎಂದಳು ಹಿಲ್ಯ ಮೆಲ್ಲಗೆ. ಹೇಳಿದ್ದು ಗೆರ್ಲೋಫನಿಗಲ್ಲ, ಮರಕ್ಕೆ. ಆದರೂ ಗೆರ್ಲೋಫ್ ಉಸಿರು ಬಿಗಿಹಿಡಿದು ನಿಂತ, ಅವನನ್ನೇ ಎಳೆಯುತ್ತಿರುವಂತೆ ಹಿಂದಕ್ಕೆ ವಾಲಿ. ಮುಖ ಕೆಂಪಾಗಿ, ನೀಲಿಯಾಗಿ, ಯಾನೆಸ್ ಬೆನ್ನಿಗೆ ಗುದ್ದಿದ ಮೇಲೆಯೇ ಅವನು ಮತ್ತೆ ಉಸಿರಾಡಿದ್ದು.

ತಜ್ಞ ಕನ್ನಡಕ ತೆಗೆದ. "ಒಳಗೆ ಟೊಳ್ಳು ಇರೋದು ನಿಜ. ಆದ್ರೆ ಸುತ್ತಲಿನ ಗೋಡೆ ಗಟ್ಟಿ, ಬೇರು ಇನ್ನೂ ಗಟ್ಟಿ. ಮೇಲಿನ ಭಾರ ಸ್ವಲ್ಪ ಇಳಿಸಿ, ವರ್ಷಕ್ಕೊಂದ್ಸಲ ನೋಡಿ. ಇದು ನಮ್ಮನ್ನೆಲ್ಲ ಕಳಿಸಿಕೊಟ್ಟು ಆಮೇಲೆ ಹೋಗತ್ತೆ."

ಗಿರಣಿ ಬೀದಿ 'ಹೋ' ಎಂದು ಕೂಗಿತು. ಹಿಲ್ಯ ಮರಕ್ಕೆ ಹಣೆ ಆನಿಸಿ ನಿಂತು ಬಿಕ್ಕಿದಳು. ಕಾಲುವೆ ಬೀದಿಯವರು ಕಣ್ಣು ಕಣ್ಣು ಬಿಟ್ಟರು. "ನೀವ್ಯಾಕೆ ಖುಷಿಪಡ್ತೀರಿ? ಸೋತದ್ದು ನೀವಲ್ವಾ?" ಎಂದು ಅವರಲ್ಲೊಬ್ಬ ಕೇಳಿದ. ಯಾನೆಸ್ ಅವನನ್ನೂ ತಬ್ಬಿಕೊಂಡ.

ನಿಯಮವೆಂದರೆ ನಿಯಮ, ಉಳಿದ ಹತ್ತನ್ನೂ ಎಳೆಯಬೇಕು. ಒಂದೊಂದಾಗಿ ಪಾಸಾಗುತ್ತ ಬಂದವು. ಕೊನೆಯದು ಎಲ್ಟ್ಯೋನ ಮನೆಯ ಮುಂದಿನದು. ನೋಡುವುದಕ್ಕೆ ಬೀದಿಯಲ್ಲೇ ಚೆಂದದ ಮರ, ದುಂಡಗೆ, ಹಸಿರು ತುಂಬಿಕೊಂಡು. ರಾಟೆ ಎರಡು ಸುತ್ತು ತಿರುಗಿದ್ದೇ ತಡ, ತಜ್ಞ ಕೈ ಎತ್ತಿ "ನಿಲ್ಸಿ" ಎಂದ.

"ಬೇರು ಕೊಳೆತಿದೆ. ಮುಂದಿನ ದೊಡ್ಡ ಗಾಳಿಗೆ ನಿಲ್ಲಲ್ಲ. ಇದು ಹೋಗ್ಬೇಕು."

ಎಲ್ಲರೂ ಎಲ್ಟ್ಯೋನ ಕಡೆ ನೋಡಿದರು. ಇಷ್ಟು ವರ್ಷದ ಅವನ ಆಸೆ ಈಡೇರಿತ್ತು. ಎಲ್ಟ್ಯೋ ಎರಡು ಹೆಜ್ಜೆ ಮುಂದೆ ಬಂದ. "ಯಾವುದು? ನಂದಾ?"

"ಹೌದು ಸ್ವಾಮಿ."

"ನಂದು ಚೆನ್ನಾಗೇ ಇದೆಯಲ್ಲ! ಇನ್ನೊಂದ್ಸಲ ಎಳೀರಿ. ಇವತ್ತು ಅದಕ್ಕೆ ಮೈ ಸರಿಯಿಲ್ಲ." ಅವನು ಮರದ ಹತ್ತಿರ ಹೋಗಿ ತೊಗಟೆ ಸವರಿದ. "ದಿನಾ ಬೈತಿದ್ದೆ ನೋಡಿ ಮೇಡಂ, ಅದಕ್ಕೇ ಹೀಗಾಯ್ತೇನೋ."

"ಬೈಗುಳಕ್ಕೆ ಬೇರು ಕೊಳೆಯಲ್ಲ ಬೊಸ್ಕರ್ ಅವರೇ," ಎಂದಳು ಫೆನ್ನ. "ಸುತ್ತಿಗೆ ಬಡಿದು ನಾನೂ ಇದನ್ನ ಗಟ್ಟಿ ಅಂತಾನೇ ಬರೆದಿದ್ದೆ. ಬೇರಿನ ಕಾಯಿಲೆ ಸುತ್ತಿಗೆಗೆ ಸಿಗಲ್ಲ. ಇವರು ಹನ್ನೊಂದೂ ಅಂತ ಕೇಳದೆ ಇದ್ದಿದ್ರೆ, ಗಟ್ಟಿ ಮರ ಕಡಿದು ಬೀಳೋ ಮರ ಉಳಿಸಿರ್ತಿದ್ವಿ. ಅದು ನಿಮ್ಮ ಮನೆ ಮೇಲೇ ಬೀಳ್ತಿತ್ತು." ಅವಳು ಗೆರ್ಲೋಫನತ್ತ ತಿರುಗಿದಳು. "ನಿಮ್ಮ ಫೋನಿಗೆ ಥ್ಯಾಂಕ್ಸ್."

ಗೆರ್ಲೋಫ್ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದ. ಯಾರೂ ಇರಲಿಲ್ಲ.

ಅಂದು ಸಂಜೆ ಅವನ ಕಾಫಿಯ ಪಕ್ಕದಲ್ಲಿ ಒಂದು ಬಿಸ್ಕತ್ತು ಮರಳಿ ಬಂತು.

ಎಲ್ಟ್ಯೋನ ಮರ, ಗೂಡಿನ ಮರಿಗಳು ಹಾರಿಹೋದ ಮೇಲೆ ಹೋಯಿತು. ಕಡಿಯಲು ಬಂದವರು ಹನ್ನೊಂದು ಪಟ್ಟೆ ನೋಡಿ ಕೈಚೆಲ್ಲಿ ಕುಳಿತದ್ದರಿಂದ ಫೆನ್ನಳೇ ಬಂದು ಆ ಮರದ ಮೇಲೆ ಕೈಯಿಟ್ಟು ನಿಲ್ಲಬೇಕಾಯಿತು. ಗೆರ್ಲೋಫನ ಬಣ್ಣ ಯಾವ ಮದ್ದಿಗೂ ಜಗ್ಗಲಿಲ್ಲ. ಎಲ್ಟ್ಯೋ ಅಂದು ಕಾರು ತೊಳೆಯಲಿಲ್ಲ, ಕಾರಿನ ಮೇಲಿನ ಜಿಗುಟು ಒಣಗುವವರೆಗೂ ಹಾಗೆಯೇ ಬಿಟ್ಟಿದ್ದ.

ನವೆಂಬರಿನಲ್ಲಿ ಫೆನ್ನ ಅವನಿಗೆ ಆಯ್ಕೆ ಕೊಟ್ಟಳು. ಜಿಗುಟು ಸುರಿಸದ, ಕಾರಿಗೆ ತೊಂದರೆ ಕೊಡದ ಮರಗಳು ಎಷ್ಟೋ ಇದ್ದವು.

"ಲಿಂಡನ್ನೇ ಕೊಡಿ," ಎಂದ ಎಲ್ಟ್ಯೋ.

"ಕಾರು ಮತ್ತೆ ಅಂಟು ಆಗತ್ತೆ."

"ಕಾರು ತೊಳೀಬಹುದು ಮೇಡಂ. ಇನ್ನೇನು ಕೆಲಸ ನನಗೆ?"

ಗುಂಡಿ ತೋಡಿ, ಮೊಳಕಾಲೆತ್ತರದ ಮಣ್ಣಿನ ಗಡ್ಡೆಯೊಂದಿಗೆ ಎಳೆಯ ಮರವನ್ನು ಇಳಿಸಿದರು. ಕಾಲುವೆ ಬೀದಿಯವರೂ ಸಲಿಕೆ ತಂದಿದ್ದರು. ಮೊದಲ ಬೇಸಿಗೆಗಳಲ್ಲಿ ನೀರು ಯಾರು ಹಾಕುತ್ತೀರಿ ಎಂದು ಫೆನ್ನ ಕೇಳಿದಾಗ ಎಲ್ಟ್ಯೋ ತನ್ನ ಕಾರು ತೊಳೆಯುವ ಬಕೆಟ್ಟನ್ನು ಎತ್ತಿ ತೋರಿಸಿದ. ಬೀದಿಯ ಮರಗಳನ್ನು ಪುರಸಭೆಯ ಪರವಾಗಿ ನೋಡಿಕೊಳ್ಳಲು ಒಬ್ಬರು ಬೇಕು ಎಂದಾಗ ಎಲ್ಲರ ಕಣ್ಣೂ ಗೆರ್ಲೋಫನ ಕಡೆ ಹೊರಳಿತು. ಆಮೇಲೆ ಯಾನೆಸ್ ಗಂಟಲು ಸರಿಮಾಡಿಕೊಂಡು, "ಅದನ್ನ ಗೆರ್ಲೋಫ್‌ಗೆ ಬಿಡಿ," ಎಂದ. ಬೀದಿಯವರು ತಲೆದೂಗಿದರು. ಗೆರ್ಲೋಫ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಕೊರೆಯುವ ಚಳಿಯಲ್ಲೂ ಹಿಲ್ಯ ಮೇಜನ್ನು ಬೋಳು ಲಿಂಡನ್ನಿನ ಕೆಳಗೆ ಹಾಕಿಸಿದಳು. ಎಲ್ಲರೂ ಕೋಟು, ಟೋಪಿ, ಕೈಗವಸುಗಳಲ್ಲೇ ಸುತ್ತ ಕುಳಿತರು. ಕಾಫಿಯ ಹಬೆ ಎದ್ದಿತು. ಡಬ್ಬಿ ಸುತ್ತು ಬಂತು, ತಲೆಗೊಂದು ಬಿಸ್ಕತ್ತು, 'ಟಪ್' ಎಂದು ಮುಚ್ಚಳ ಬಿತ್ತು. ಗೆರ್ಲೋಫ್ ತನ್ನದನ್ನು ಕಾಫಿಯಲ್ಲಿ ಅದ್ದಿ ತಿಂದು ಮುಗಿಸಿ, ಪಕ್ಕದ ಎಳೆಯ ಮರವನ್ನು ನೋಡುತ್ತ ಕುಳಿತ.

"ಅದೊಂದಕ್ಕೆ ಪಟ್ಟೆ ಇಲ್ಲ," ಎಂದ. "ಒಂದು ಸಣ್ಣದಾಗಿ..."

"ಗೆರ್ಲೋಫ್!" ಎಂದು ಎರಡು ಬೀದಿಯವರೂ ಒಟ್ಟಿಗೆ ಕೂಗಿದರು.

ಹಿಲ್ಯ ಮಾತ್ರ ಕೂಗಲಿಲ್ಲ. ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡು ಮುಚ್ಚಳ ತೆಗೆದು ಅವನ ಮುಂದೆ ಹಿಡಿದಳು. ಮೇಜಿನ ಸುತ್ತ ಇದ್ದವರೆಲ್ಲ ಕತ್ತು ಚಾಚಿ ನೋಡಿದರು.

"ಆಗಲೇ ಒಂದು ತಗೊಂಡೆ," ಎಂದ ಗೆರ್ಲೋಫ್, ಇದರಲ್ಲಿ ಏನೋ ಮೋಸವಿದೆಯೆಂದು ಭಾವಿಸಿ.

"ಗೊತ್ತು. ತಗೋ."

ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ತಲೆಯ ಮೇಲಿನ ಮರವನ್ನು ನೋಡಿದ. ಆಮೇಲೆ ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿಕೊಂಡ, ಮುರಿದೀತೆಂಬಂತೆ.

ಎಲ್ಟ್ಯೋ ಕೂಡ ಕೈ ಚಾಚಿದ. 'ಟಪ್' ಎಂದು ಡಬ್ಬಿ ಮುಚ್ಚಿತು.